ಮುಚ್ಚಳ ಕಂಪನಿಯ ಎರಡನೆಯ ಕುರ್ಚಿ

ಮಂಗಳವಾರ, ಮಾರ್ಚ್ ೧೪

ಪ್ರೀತಿಯ ಗೆರೆರಾಣಿ,

ನಾನು ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ತಮ್ಮ ಫೋನಿನಲ್ಲಿ ಹೇಳಿದ, ಅರ್ಧ ನಂಬಿದ್ದೇನೆ. ಐದು ತಿಂಗಳು ಕಾಗದ ಬರೆಯದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದುಬಿಡು, ಕಾಯುತ್ತೇನೆ. ಆಯ್ತಾ? ಸರಿ, ಸುದ್ದಿಗೆ ಬರುತ್ತೇನೆ.

ಎರಡು ವರ್ಷದ ಹಿಂದೆ ಮುಚ್ಚಿದ ನಮ್ಮ ಮುಚ್ಚಳ ಕಂಪನಿ ಮತ್ತೆ ತೆರೆದಿದೆ ಕಣೇ! ಈ ದೇಶದ ನವೋದ್ಯಮ ಕೇಂದ್ರ ಒಂದು ವರ್ಷ ಜಾಗ ಕೊಟ್ಟಿದೆ: ಒಂದು ಮೇಜು, ಎರಡು ಕುರ್ಚಿ. ಎರಡನೆಯದು ನಿನ್ನದು. ನೀನು ಬರುತ್ತೀಯೋ ಇಲ್ಲವೋ ಎಂದು ತಿಂಗಳ ಕೊನೆಯೊಳಗೆ ತಿಳಿಸಬೇಕು. ನಕ್ಷೆ ಬರೆಯುವವಳಿಲ್ಲದೆ ಬರೀ ಬಾಯಿಂದ ಕಂಪನಿ ನಡೆಯದೆಂದು ಒಂದೇ ವಾರದಲ್ಲಿ ಇವರಿಗೂ ಗೊತ್ತಾಗಿಹೋಗಿದೆ.

ನಮ್ಮೂರಿನ ಕೇಂದ್ರ ನೆನಪಿದೆಯಾ? ಗಾಜಿನ ಕೋಣೆ, ತಿರುಗುವ ಕುರ್ಚಿ, ಗೋಡೆ ತುಂಬ ಬಣ್ಣದ ಚೀಟಿ. ದಿನಕ್ಕೊಬ್ಬರು ಬಂದು ಸಲಹೆ ಕೊಟ್ಟರು. ಸಲಹಿದವರು ಮಾತ್ರ ಯಾರೂ ಇಲ್ಲ. ಬೆರಳು ಸೋತವರಿಗೆಂದು ಸೀಸೆಯ ಮುಚ್ಚಳ ತೆರೆಯುವ ಸಾಧನ ಮಾಡಹೊರಟೆವು, ಅಂಥ ಒಂದೇ ಒಂದು ಕೈಯನ್ನೂ ಆ ಕೋಣೆಯಲ್ಲಿ ಕಾಣಲಿಲ್ಲ.

ಇಲ್ಲಿ ಪಕ್ಕದ ಮೇಜಿನ ಗಡ್ಡದಣ್ಣ ಬೇರೊಂದು ದೇಶದವನು. ಕಂಪನಿ ಕಟ್ಟಲು ಹೋದವರ ಹಳೇ ಕೆಲಸವನ್ನು ಅವನ ದೇಶದಲ್ಲಿ ಕೆಲವು ತಿಂಗಳು ಕಾದಿರಿಸುತ್ತಾರಂತೆ. "ಸೋತುಹೋದ್ರೆ?" ಅಂದೆ. "ಸೋಮವಾರ ಆಫೀಸಿಗೆ ಹೋಗೋದು," ಅಂದ. ನಾವು ಸೋತಾಗ ನೆಂಟರ ಮನೆಗೂ ಮುಖ ತೋರಿಸಲಿಲ್ಲವಲ್ಲೇ!

ಈ ಕೇಂದ್ರದ ಪದ್ಧತಿಯೇ ಬೇರೆ. ಕೆಳಗಿನ ಮಹಡಿಯಲ್ಲಿ ವಯಸ್ಸಾದವರ ವಸತಿ. ಪ್ರತಿ ಗುರುವಾರ ನಾವು ಮಾಡಿದ್ದನ್ನು ಅವರ ಮುಂದಿಡಬೇಕು; ಅವರು ಒಪ್ಪಿದರಷ್ಟೇ ಯಂತ್ರಗಳ ಕೋಣೆಯ ಕೀಲಿ. ಹೋದ ಗುರುವಾರ ನನ್ನ ಸರದಿ. ಬೆರಳ ಗೆಣ್ಣುಗಳೆಲ್ಲ ಊದಿದ, ಹಿಂದೆ ದರ್ಜಿಯಾಗಿದ್ದ ಅಜ್ಜಿಯೊಬ್ಬರು ಸಾಧನವನ್ನು ತಿರುಗಿಸಿ ನೋಡಿ, "ಇದು ಮುಚ್ಚಳ ತೆಗೆಯೋದಾ, ಹಲ್ಲು ಕೀಳೋದಾ?" ಅಂದರು. ನಾನು ಭಾಷಣ ಶುರುಮಾಡಿದೆ.

"ನೀನು ಬಾಯಿ ಮುಚ್ಚು ಮಗಳೇ, ನಾನಿದನ್ನ ತೆಗೀತೀನಿ," ಎಂದು ಜಾಮಿನ ಸೀಸೆ ಹಿಡಿದರು. ಟಕ್! ಮುಚ್ಚಳ ಬಂತು. ಮತ್ತೆ ಮುಚ್ಚಿದರು, ತೆರೆದರು. ಮುಚ್ಚಿದರು, ತೆರೆದರು. "ಯಾರನ್ನೂ ಕರೀದೆ ತೆಗೆದು ನಾಲ್ಕು ವರ್ಷ ಆಗಿತ್ತು," ಅಂದರು.

"ನಮಗೂ ಕೊಡ್ರೀ, ಅದೇನು ನಿಮ್ಮಪ್ಪನ ಮನೆ ಸೀಸೇನಾ?" ಎಂದು ಪಕ್ಕದ ಅಜ್ಜ ಕಿತ್ತುಕೊಂಡರು. ಎಲ್ಲರೂ ಸೇರಿ ಹನ್ನೊಂದು ಸೀಸೆ ತೆರೆದು, ಅದರಲ್ಲಿ ಮೂರನ್ನು ನೆಕ್ಕಿ ಖಾಲಿ ಮಾಡಿ, ಒಪ್ಪಿಗೆ ಕೊಟ್ಟರು. ದೂರು ಒಂದೇ: ಹಿಡಿ ಇನ್ನಷ್ಟು ದಪ್ಪ ಬೇಕಂತೆ. ನಾನು ಬರೆದು ತೋರಿಸಿದ ಹಿಡಿಯನ್ನು ನೋಡಿ ಅಜ್ಜಿ, "ಇದೇನು, ಬದನೆಕಾಯಾ?" ಅಂದರು. ಬಾರೇ ಮಹಾರಾಯ್ತಿ, ಮಾನ ಉಳಿಸು.

ಅಮ್ಮನಿಗೆ ನಮಸ್ಕಾರ, ತಮ್ಮನಿಗೊಂದು ಗುದ್ದು. ನಿನ್ನ ಪೆನ್ಸಿಲ್ ಎಂದೂ ಮೊಂಡಾಗದಿರಲಿ; ನನ್ನ ನಾಲಿಗೆ ಕೊಂಚ ಮೊಂಡಾಗಲಿ.

ಎಂದೆಂದೂ ನಿನ್ನ,
ಬಾಯಿಬಡುಕಿ

ತಾ.ಕ.: ಇಲ್ಲಿಯ ಅರ್ಜಿಯಲ್ಲಿ ಮೊದಲ ಪ್ರಶ್ನೆ, ‘ಹಿಂದಿನ ಕಂಪನಿ ಏಕೆ ಮುಚ್ಚಿತು?’ ನಾನು ನಿಜ ಬರೆದೆ. ನಿನಗೆ ಹೇಳಬೇಕಾದದ್ದನ್ನು ಮೊದಲು ಅವರಿಗೆ ಹೇಳಿದೆ, ಕ್ಷಮಿಸು. ಅಂದು ಪ್ರದರ್ಶನದಲ್ಲಿ ನಮ್ಮ ಸಾಧನದ ಸ್ಪ್ರಿಂಗ್ ಮುರಿದು ಎಲ್ಲರೂ ನಕ್ಕಾಗ, ನಕ್ಷೆಯಲ್ಲೇ ತಪ್ಪಿದೆ ಎಂದವಳು ನಾನು. ನೋಡಲು ನಾಜೂಕಾಗಿರಲೆಂದು ನೀನು ಬರೆದದ್ದಕ್ಕಿಂತ ತೆಳ್ಳಗಿನ ಸ್ಪ್ರಿಂಗ್ ಹಾಕಿಸಿದವಳೂ ನಾನೇ. ಗುರುವಾರ ಅಜ್ಜಿಯ ಕೈಯಲ್ಲಿದ್ದದ್ದು ನಿನ್ನ ಅದೇ ನಕ್ಷೆ, ನೀನು ಬರೆದ ಅಳತೆಯಲ್ಲೇ. ನೀನು ಹೊಸದೇನನ್ನೂ ಬರೆಯದೆ, ಎರಡು ವರ್ಷದಿಂದ ಆ ಹಾಳೆಯನ್ನೇ ಮುಂದಿಟ್ಟುಕೊಂಡು ತಪ್ಪು ಹುಡುಕುತ್ತಿದ್ದೀಯಂತೆ. ನಿನ್ನ ತಮ್ಮ ಹೇಳಿದ. ಕುರ್ಚಿಗೆ ಬರುವುದು ಬಿಡುವುದು ನಿನ್ನಿಷ್ಟ. ಆದರೆ ಇನ್ನು ಹುಡುಕಬೇಡ ಕಣೇ. ಅದರಲ್ಲಿ ತಪ್ಪಿಲ್ಲ.