ಟೆಂಪ್ಲೇಟಿನಲ್ಲಿ ಮೊದಲೇ ಇದ್ದ ಸಾಲು

ಕೌಲ್ ಬಜಾರ್, ಬಳ್ಳಾರಿ
ಬುಧವಾರ, 13 ಆಗಸ್ಟ್ 2025

ಪ್ರೀತಿಯ ನಂದಿನಿ ಅಕ್ಕಾ,

ಹೇಗಿದ್ದೀ? ಧಾರವಾಡದ ಮಳೆಗೆ ಹಿಡಿದ ಕೆಮ್ಮು ಬಿಟ್ಟಿತೇ? ಹಾಸ್ಟೆಲಿನವರ ಜೊತೆ ಜಗಳ ಮಾಡಿಯಾದರೂ ಬಿಸಿನೀರು ಕೇಳಿ ಕುಡಿ. ನಾನು ಚೆನ್ನಾಗಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟು ದಿನ ಒಂದೇ ಕುರ್ಚಿಯಲ್ಲಿ ಕುಳಿತದ್ದು ಗೌಸ್ ಭಾಯ್ ಅವರ ಈ ಡಿಟಿಪಿ ಅಂಗಡಿಯಲ್ಲಿ ಮಾತ್ರ.

ನಿನ್ನ ಲೇಖನವನ್ನು ಸಂಶೋಧನಾ ಪತ್ರಿಕೆಯವರ ಟೆಂಪ್ಲೇಟಿಗೆ ಕೂಡಿಸಿದ್ದೇನೆ. ಬಲು ಹಟಮಾರಿ ಟೆಂಪ್ಲೇಟ್ ಅದು. ಎರಡು ಕಾಲಮ್ಮಿಗೆ ಹಾಕಿದರೆ ಕೋಷ್ಟಕ ಮುಂದಿನ ಪುಟಕ್ಕೆ ಹಾರುತ್ತದೆ, ಅಡಿಟಿಪ್ಪಣಿಯ ಅಕ್ಷರಗಳೆಲ್ಲ ಚೌಕಗಳಾಗುತ್ತವೆ. “ಮದುವಿ ಕಾರ್ಡಿನಾಗ ಮದುಮಗನ ಹೆಸರು ತಪ್ಪಿದಾಗೂ ನೀ ಇಷ್ಟು ತಲಿ ಕೆಡಿಸ್ಕೊಂಡಿರ್ಲಿಲ್ಲ ಬಿಡಲೇ” ಎಂದು ಭಾಯ್ ಹಂಗಿಸಿದರು. ಎಲ್ಲಿ ಏನು ಬರಬೇಕೆಂದು ತೋರಿಸಲು ಪತ್ರಿಕೆಯವರೇ ಅದರಲ್ಲಿ ಸಾಲುಗಳನ್ನು ಬರೆದಿಟ್ಟಿರುತ್ತಾರೆ. ಅವನ್ನು ಅಳಿಸಿ ನಮ್ಮದನ್ನು ಇಡುವುದೇ ನನ್ನ ಕೆಲಸ. ಕೊನೆಯ ಪುಟದಲ್ಲಿ ಒಂದು ಹಾಗೇ ಉಳಿದಿತ್ತು: ‘ಮಾಹಿತಿ ನೀಡಿದ ಎಲ್ಲರ ಒಪ್ಪಿಗೆ ಪಡೆಯಲಾಗಿದೆ.’ ನೀನು ಕಳಿಸಿದ್ದರಲ್ಲಿ ಈ ಸಾಲು ಇರಲಿಲ್ಲ. ಫೋನಿನಲ್ಲಿ ಕೇಳಿದರೆ, “ಅದು ಇರ್ಲಿ ಬಿಡೋ, ಎಲ್ಲರೂ ಇಡ್ತಾರ” ಎಂದು ನೀನು ಮಾತು ತೇಲಿಸಿಬಿಟ್ಟೆ. ಅದಕ್ಕೇ ಇವತ್ತು ರಾತ್ರಿ ಬಸ್ಸಿಗೆ ಕೊಟ್ಟು ಕಳಿಸುವ ಅಚ್ಚಿನ ಪ್ರತಿಯ ಜೊತೆ ಈ ಪತ್ರ.

ಸಿರುಗುಪ್ಪದ ಕಡೆ ಭತ್ತದ ನಾಟಿ ಮಾಡುವ ಹೆಂಗಸರ ಮೈನೋವಿನ ಬಗ್ಗೆ ನೀನು ಬರೆದದ್ದನ್ನು ಓದುತ್ತಾ ನನ್ನ ಸೊಂಟವೂ ನೋಯಿತು. ಆದರೆ ನಾಲ್ಕನೆಯ ಪುಟದ ಹೆಂಗಸಿಗೆ ಹೆಸರು ಇಲ್ಲದಿದ್ದರೇನು, ರಾರಾವಿಯಲ್ಲಿ ನಾಟಿಗೆ ಗುಂಪು ಕಟ್ಟಿಕೊಂಡು ಹೋಗುವವಳು, ಎಡಗಾಲಿನ ಕಿರುಬೆರಳು ಇಲ್ಲದವಳು ಎಂದರೆ ಊರಿಗೆ ಇನ್ನೇನು ಹೇಳಬೇಕು? ಅವ್ವ ಗರ್ಭಕೋಶ ತೆಗೆಸಿಕೊಂಡದ್ದು ನನಗೆ ಗೊತ್ತಾದದ್ದೇ ಆ ಪುಟ ಸರಿಪಡಿಸುವಾಗ, ಅಕ್ಕಾ. ನಾನು ಚಿಕ್ಕವನಿದ್ದಾಗ ಒಂದು ಬೇಸಿಗೆ ನನ್ನನ್ನು ಕುರುಗೋಡಿಗೆ, ಹನುಮಮ್ಮ ಅತ್ತೆಯ ಮನೆಗೆ ಯಾಕೆ ಕಳಿಸಿದ್ದರೆಂದು ಈಗ ತಿಳಿಯಿತು.

ಭಾನುವಾರ ರಾರಾವಿಗೆ ಹೋಗಿ ಅವ್ವನಿಗೆ ಆ ಪುಟ ಓದಿದೆ. ಮುಚ್ಚಿಡುವುದು ನನ್ನಿಂದಾಗಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, “ಅದನ್ನ ನಾ ಮಗಳಿಗೆ ಹೇಳಿದ್ದೆ” ಅಂದಳು. ಆಮೇಲೆ, “ಚಂದ ಬರದಾಳ” ಅಂದಳು. ಹಾಗಾದರೆ ಒಪ್ಪಿಗೆಯೇ ಎಂದು ಕೇಳಿದೆ. “ಅದನ್ನ ನಿನಗ್ಯಾಕ ಹೇಳ್ಲಿ? ಕೇಳಬೇಕಾದಾಕಿ ಕೇಳ್ಲಿ” ಎಂದು ಮತ್ತೆ ಮೊರ ಎತ್ತಿಕೊಂಡಳು.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಊಟ ಸರಿಯಾಗಿ ಮಾಡು, ಕೆಮ್ಮಿಗೆ ಔಷಧ ತಪ್ಪಿಸಬೇಡ. ನಿನ್ನ ಗುರುಗಳಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ,
ಹುಲುಗೇಶ್

ಮರೆತಿದ್ದೆ: ಲೇಖನ ಕಳಿಸಲು ಸೋಮವಾರ ಕೊನೆ. ಆ ಸಾಲನ್ನು ಅಳಿಸಿ ಜಾಗ ಖಾಲಿ ಬಿಟ್ಟಿದ್ದೇನೆ. ನಾಲ್ಕನೆಯ ಪುಟ ತೆಗೆದರೆ ಲೇಖನ ನಿಲ್ಲುವುದಿಲ್ಲ ಎಂದು ನನಗೂ ಗೊತ್ತು. ನೀನು ಅವ್ವನನ್ನು ಕೇಳಿ ಬಂದು ಏನು ಹೇಳುತ್ತೀಯೋ ಅದನ್ನೇ ಕೂಡಿಸುತ್ತೇನೆ. ಶುಕ್ರವಾರ ಸ್ವಾತಂತ್ರ್ಯ ದಿನಕ್ಕೆ ನಿನಗೆ ರಜೆಯೇ ಎಂದು ಅವ್ವ ನನ್ನನ್ನು ಕೇಳಿದಳು. ಹೌದು ಅಂದೆ. ನಾಟಿ ಜೋರಾಗಿದ್ದರೂ ಅವತ್ತು ಅವಳು ಗದ್ದೆಗೆ ಹೋಗುವುದಿಲ್ಲವಂತೆ.