ಮಣ್ಣಿನ ಮೇಲಿದ್ದ ಕುಲಾವಿ

ಬಾಟೂರ್ ಸರೋವರದ ದಡ,
ಭಾನುವಾರ, 14 ಆಗಸ್ಟ್ 1983

ಪ್ರೀತಿಯ ಮಗಳು ದರ್ಮಿನಿಗೆ,

ಮಕ್ಕಳನ್ನು ಹೂಳುವ ಜಾಗದ ಮೇಲಿನ ಗುಡ್ಡ ಶುಕ್ರವಾರ ಬೆಳಿಗ್ಗೆ ಕುಸಿದಿದೆ. ನೋಡಿಬಂದು ಹೇಳಿದವನು ದೋಣಿಯ ತಾಂತ್ರ. ಮಳೆ ಬಂದಿರಲಿಲ್ಲ, ನೆಲವೂ ನಡುಗಿರಲಿಲ್ಲ. ನಿನ್ನ ಮಗುವಿನ ಜಾಗಕ್ಕೆ ಏನೂ ಆಗಿಲ್ಲ.

ನೀನು ಹಬ್ಬಕ್ಕೆ ಬಂದುಹೋದ ಕೂಡಲೇ ಬರೆಯಬೇಕಿತ್ತು. ಈರುಳ್ಳಿ ಕೀಳುವ ಕೆಲಸದಲ್ಲಿ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಳಿಯಂದಿರ ಕೆಮ್ಮು ಹೇಗಿದೆ?

ಕಲ್ಲು ಸರಿಸಲು ಹೋದ ಗಂಡಸರಿಗೆ ನಿನ್ನ ಮಗುವಿನ ಮಣ್ಣಿನ ಮೇಲೆ ಹಳದಿ ಉಲ್ಲನ್ ಕುಲಾವಿ ಸಿಕ್ಕಿತು. ಹೊಸದು, ಬಣ್ಣ ಮಾಸಿಲ್ಲ. ಊರಿನ ಹಿರಿಯರು, ನಮ್ಮ ಜೆರೋ ಕುಬಯನ್, ಅದನ್ನು ಕೋಲಿನ ತುದಿಯಲ್ಲಿ ಎತ್ತಿ ತಂದು ದೇವಸ್ಥಾನದ ಮೆಟ್ಟಿಲ ಮೇಲಿಟ್ಟರು.

"ನಮ್ಮ ಹೆಂಗಸರಲ್ಲಿ ಯಾರೋ ಅಲ್ಲಿಗೆ ಕಾಲಿಟ್ಟಿದ್ದಾಳೆ. ಹೆಂಗಸು ಹೋದ್ರೆ ಗುಡ್ಡ ಸುಮ್ನಿರತ್ತಾ?" ಅಂದರು.

ಆಗ ನಿನ್ನ ಅಪ್ಪ ಎದ್ದು, "ಅದನ್ನ ನಾನೇ ಇಟ್ಟೆ" ಅಂದರು.

"ನೀನಾ? ಹರಿದ ಬಲೆ ಹೊಲಿಯೋಕೂ ಹೆಂಡ್ತಿ ಕೈಗೆ ಕೊಡೋನು, ಹೆಣಿಗೆ ಯಾವಾಗ ಕಲ್ತೆಯೋ?" ಅಂದ ತಾಂತ್ರ.

"ಪೇಟೇಲಿ ತಗೊಂಡೆ. ನಿನ್ನ ಬೋಳುತಲೆಗೂ ಒಂದು ತರ್ಲಾ?"

ಕೆಲವರು ನಕ್ಕರು. ಕುಬಯನ್ ನಗಲಿಲ್ಲ, ಅಪ್ಪನ ಕಡೆ ತಿರುಗಿದರು. "ಹಾಗಿದ್ರೆ ದೇವರ ಮುಂದೆ ತೀರ್ಥ ಕುಡಿದು ಹೇಳಪ್ಪಾ ನ್ಯೋಮನ್" ಅಂದರು.

ಸುಳ್ಳು ಆಣೆಯಿಟ್ಟು ಆ ತೀರ್ಥ ಕುಡಿದವರ ಗತಿ ನಿನಗೆ ಗೊತ್ತು. ಅಪ್ಪನ ಚಿಕ್ಕಪ್ಪ ಹೊಟ್ಟೆ ಊದಿ ಸತ್ತರು. ಒಳ್ಳೆಯ ಸಾವು ಸತ್ತವರನ್ನು ಹೂಳದೆ ಮಲಗಿಸುವ ಸುಗಂಧದ ಮರದ ಕೆಳಗೆ ಅವರನ್ನು ಇಡಲು ಊರು ಒಪ್ಪಲಿಲ್ಲ. ದೂರದ ಜಾಗದಲ್ಲಿ, ಕೆಟ್ಟ ಸಾವು ಸತ್ತವರ ಜೊತೆ ಹೂತರು. ಆ ಮರದಡಿ ತನ್ನ ತಾಯಿ ಮಲಗಿದ್ದ ಕಡೆಯೇ ಮಲಗಬೇಕೆಂದು ನಿನ್ನ ಅಪ್ಪ ಎಷ್ಟು ಸಲ ಹೇಳಿಲ್ಲ. ಅಂಗಳದಲ್ಲಿ ಬುಟ್ಟಿ ಬಿದ್ದರೂ ಗುಡ್ಡವೇ ಬಂತೆಂದು ಎದ್ದು ನಿಲ್ಲುತ್ತೇನೆ.

"ನಿಜ ಹೇಳಿ, ನೀವೇ ಇಟ್ರಾ?" ಅಂತ ಕೇಳಿದೆ.

"ಈರುಳ್ಳಿ ಕಟ್ಟು. ಲಾರಿಯವನು ಕಾಯಲ್ಲ" ಅಂದರು.

ಹಬ್ಬದ ಮಧ್ಯಾಹ್ನ ನೀನು ಬಟ್ಟೆ ಒಗೆಯಲು ಹೋದವಳು ತಡವಾಗಿ ಬಂದೆ. ನಾನು ಏನೂ ಕೇಳಲಿಲ್ಲ. ನೀನು ಆ ಕಡೆ ಹೋಗಿರದಿದ್ದರೆ ಕೂಡಲೇ ಬಂದು ಕುಬಯನ್ ಮುಂದೆ ಹಾಗೆಂದು ಹೇಳು. ಅಪ್ಪನಿಗೆ ಮಾತು ಹಿಂತೆಗೆದುಕೊಳ್ಳಲು ದಾರಿಯಾಗುತ್ತದೆ. ಹೋಗಿದ್ದರೆ ಇತ್ತ ತಲೆ ಹಾಕಬೇಡ. ನಿನ್ನನ್ನು ಊರಿನಿಂದ ಹೊರಗಿಡುತ್ತಾರೆ.

ದೇವರು ನಿಮ್ಮಿಬ್ಬರನ್ನೂ ಬಾಂಗ್ಲಿಯಲ್ಲಿ ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ

ತಾ.ಕ.: ಕುಲಾವಿಯನ್ನು ಹೆಂಗಸರಿಗೆಲ್ಲ ತೋರಿಸಿದರು. ನಾನೂ ಕೈಗೆ ತೆಗೆದುಕೊಂಡೆ. ಮಗು ಹೋದಾಗ ಅವಳ ತಲೆ ನನ್ನ ಅಂಗೈಯೊಳಗೆ ಅಡಗುತ್ತಿತ್ತು. ಈ ಕುಲಾವಿ ಅಷ್ಟು ಚಿಕ್ಕದಲ್ಲ, ವರ್ಷ ತುಂಬಿದ ಕೂಸಿನ ಅಳತೆಯದು. ಬದುಕಿದ್ದರೆ ಈಗ ಅವಳಿಗೆ ಸರಿಯಾಗುತ್ತಿತ್ತು. ಅವಳ ವಯಸ್ಸಿನ ಲೆಕ್ಕ ಇಟ್ಟವರೇ ಇದನ್ನು ಹೆಣೆದಿದ್ದಾರೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಅಪ್ಪನಿಗೂ ಹೇಳಿಲ್ಲ. ಬುಧವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅವರು ತೀರ್ಥ ಕುಡಿಯುತ್ತಾರೆ.