ಫೂಂಗ್ ಅಂಕಲ್‌ಗೆ ಹತ್ತಿದ ಹುಳಿ

ಜುಲೈ 4, ಮಂಗಳವಾರ

ತಿಂದು ನೋಡಿದ ಇಪ್ಪತ್ಮೂರನೆಯ ಜಾಗ. ಪುಡು ಮಾರುಕಟ್ಟೆಯ ಹಿಂದಿನ ಓಣಿ, ಕರಿ ಮೀ. ತೆಂಗಿನ ಹಾಲಿನ ಖಾರದ ಸಾರು, ಒಳಗೆ ಎರಡು ಥರದ ನೂಡಲ್ಸ್, ಮೇಲೆ ಪುದೀನ. ಸಾರು ಬಿಟ್ಟು ಬರೀ ನೂಡಲ್ಸ್ ಸಿಗುತ್ತದಾ ಎಂದು ಕೇಳಿದೆ. ಅಂಗಡಿಯ ಹೆಂಗಸು ನನ್ನ ಯೂನಿಫಾರ್ಮ್ ನೋಡಿದಳು.

"ಡಯಾಲಿಸಿಸ್ ಸೆಂಟರಿನವಳಾ? ಸಾರಿಲ್ಲದ ಕರಿ ಮೀ ಅಂದ್ರೆ ಮದುಮಗನಿಲ್ಲದ ಮದುವೆ ಕಣೇ."

ನಕ್ಕೆ. ಸಾರನ್ನೂ ಕುಡಿದೆ. ರೋಗಿಗಳಿಗೆ ಬೇಡವೇ ಬೇಡ. ನನಗೆ — ವಾರಕ್ಕೊಮ್ಮೆ.

ಆಸ್ಪತ್ರೆಯ ಪಥ್ಯದ ಹಾಳೆಯಲ್ಲಿ ಇರುವುದು ಓಟ್ಸ್, ಬ್ರೆಡ್, ಸೇಬು. ಪುಡುವಿನಲ್ಲಿ ಯಾರು ತಿನ್ನುತ್ತಾರೆ ಅದನ್ನು? ನಮ್ಮ ಹನ್ನೆರಡೂ ರೋಗಿಗಳು ಹಾಳೆಗೆ ತಲೆಯಾಡಿಸಿ, ಹೊರಗೆ ಹೋಗಿ ಇದೇ ಬೀದಿಯಲ್ಲಿ ತಿನ್ನುತ್ತಾರೆ. ಹಾಗಾದರೆ ಬೀದಿಯದ್ದೇ ಒಂದು ಪಟ್ಟಿ ಮಾಡೋಣ ಅಂತ ಶುರು ಮಾಡಿದ್ದು. ಯಾವ ಅಂಗಡಿಯಲ್ಲಿ ಏನನ್ನು ಬಿಟ್ಟು ತಿನ್ನಬಹುದು, ಯಾವುದರ ಹತ್ತಿರವೂ ಸುಳಿಯಬಾರದು... ಅದು ನೆಪ. ನಿಜ ಹೇಳಬೇಕೆಂದರೆ ನನಗೇ ಕುತೂಹಲ. ಸಮುದ್ರದಾಚೆಯ ಸಬಾದಿಂದ ಈ ಊರಿಗೆ ಬಂದು ಹನ್ನೊಂದು ವರ್ಷ, ಡಬ್ಬಿಯ ಅನ್ನ ಬಿಟ್ಟು ತಲೆಯೆತ್ತಿ ನೋಡಿದ್ದು ಈ ವರ್ಷ. ಅಷ್ಟರಲ್ಲಿ ತಗಡಿನ ಅಂಗಡಿಗಳ ನಡುನಡುವೆ ಕೆಫೆಗಳು, ತಿಂಗಳಿಗೆ ಎರಡರಂತೆ.

ಜುಲೈ 5, ಬುಧವಾರ

ಫೂಂಗ್ ಅಂಕಲ್ ತೂಕ ಒಂದೇ ಕಿಲೋ ಏರಿದೆ. ನೀರು ಅಳೆದು ಕುಡಿಯುವ ಒಬ್ಬರೇ ರೋಗಿ. ಎಪ್ಪತ್ತೊಂದು ವರ್ಷ. ನಲವತ್ತು ವರ್ಷ ಇದೇ ಪುಡುವಿನಲ್ಲಿ ವಾಂಟನ್ ಮೀ ನೂಡಲ್ಸ್ ಮಾಡಿ ಬಡಿಸಿದವರು. ನರ್ಸುಗಳೆಲ್ಲ ಅವರಿಗೆ ಮಿಸ್ಸಿ. ಸೂಜಿ ಚುಚ್ಚುವಾಗ ಯಾವತ್ತೂ ಒಂದೇ ಪ್ರಶ್ನೆ.

"ನಿನ್ನೆ ಏನು ತಿಂದೆ ಮಿಸ್ಸಿ?"

ಹೇಳಿದೆ. ಬಣ್ಣ, ಎಣ್ಣೆ, ವಾಸನೆ, ಎಲ್ಲ ಕೇಳಿದರು. ಕಣ್ಣು ಮುಚ್ಚಿಕೊಂಡು, "ಒಣ ಸಿಗಡಿ ಹುರಿಯದೆ ಹಾಕಿದ್ದಾಳೆ. ಸೋಮಾರಿ," ಅಂದರು.

ತಿನ್ನದೆಯೇ! ನಿಮ್ಮ ಅಂಗಡಿ ಎಲ್ಲಿತ್ತು ಅಂಕಲ್ ಎಂದರೆ, "ಹೋಯ್ತು ಬಿಡು."

ಜುಲೈ 7, ಶುಕ್ರವಾರ

ಅಂಕಲ್‌ಗೆ ಬಿಕ್ಕಳಿಕೆ. ಬಂದಾಗಿನಿಂದ ನಿಂತಿಲ್ಲ. ಪಕ್ಕದ ಕುರ್ಚಿಯ ಮುತ್ತು ಅಂಕಲ್, "ಫೂಂಗ್, ನಿನ್ನ ಮೆಷಿನ್ನಿಗೆ ತಾಳ ಹಾಕ್ತಿದ್ದೀಯಾ?" ಎಂದು ರೇಗಿಸಿದರು. ಡಯಾಲಿಸಿಸ್‌ನ ಮೂರನೇ ಗಂಟೆಗೆ ಬಿಕ್ಕಳಿಕೆ ತಾನಾಗಿಯೇ ನಿಂತಿತು.

ಊಟ: ಮೀನಿನ ಗಂಜಿ. ಉಪ್ಪು ಕಡಿಮೆ ಮಾಡಿಕೊಡಲು ಒಪ್ಪಿದ ಮೊದಲ ಅಂಗಡಿ. ಪಟ್ಟಿಗೆ ಸೇರಿಸಿದೆ, ಕೆಂಪು ಪೆನ್ನಿನಲ್ಲಿ.

ಜುಲೈ 10, ಸೋಮವಾರ

ಬಿಕ್ಕಳಿಕೆ ಶನಿವಾರವೇ ಮರುಕಳಿಸಿದೆಯಂತೆ. ಎರಡು ರಾತ್ರಿ ನಿದ್ದೆಯಿಲ್ಲ, ಒಮ್ಮೆ ವಾಂತಿ. ಡಾಕ್ಟರು ಫೋನಿನಲ್ಲೇ ಮಾತ್ರೆ ಹೇಳಿದರು. ಮಾತ್ರೆಗೆ ಜಗ್ಗಲಿಲ್ಲ. ಡಯಾಲಿಸಿಸ್ ಮೆಷಿನ್ ಎರಡು ಗಂಟೆ ಓಡಿದ ಮೇಲೆ ಬಿಕ್ಕಳಿಕೆ ನಿಂತಿತು.

ಅದೇ ತಲೆ ತಿನ್ನುತ್ತಿದೆ. ರಕ್ತ ತೊಳೆದರೆ ನಿಲ್ಲುತ್ತದೆ, ಮನೆಗೆ ಹೋದರೆ ಬರುತ್ತದೆ. ಅಂದರೆ ರಕ್ತಕ್ಕೆ ಏನೋ ಸೇರುತ್ತಿದೆ.

"ಏನು ತಿಂದ್ರಿ ಅಂಕಲ್? ಬಯ್ಯಲ್ಲ, ಹೇಳಿ."

"ಗಂಜಿ. ಮೊಟ್ಟೆ ಬಿಳಿ. ಆಣೆ ಮಾಡ್ಲಾ?"

ಹಿರಿಯ ನರ್ಸ್, ನಮಗೆಲ್ಲ ಅಕ್ಕನಂಥ ಕಾಕ್ ಸುರಯಾ, ಪಾತ್ರೆ ತೊಳೆಯುತ್ತ ಮಾತಾಡುವವಳ ಹಾಗೆ ತಣ್ಣಗೆ ಹೇಳಿದಳು: "ನನ್ನ ಹಳೇ ಆಸ್ಪತ್ರೇಲಿ ಹೀಗೇ ಒಬ್ಬನಿಗೆ ಆಗಿತ್ತು. ಸ್ಟಾರ್‌ಫ್ರೂಟ್. ಆರೋಗ್ಯವಾಗಿರೋರಿಗೆ ಅದು ಬರೀ ಹುಳಿ ಹಣ್ಣು, ಕಿಡ್ನಿ ಹೋದವರಿಗೆ ವಿಷ. ಮೊದಲು ಬಿಕ್ಕಳಿಕೆ, ಆಮೇಲೆ ಬುದ್ಧಿ ಮಂಕು, ಆಮೇಲೆ..."

ಅಂಕಲ್‌ನ ಕೇಳಿದೆ. "ನಾನು ಹಣ್ಣೇ ಮುಟ್ಟಲ್ಲ ಮಿಸ್ಸಿ." ಸುಳ್ಳು ಹೇಳುವ ಮುಖವಲ್ಲ ಅದು.

ಜುಲೈ 11, ಮಂಗಳವಾರ, ಸಂಜೆ

ಆಸ್ಪತ್ರೆಯಲ್ಲಿ ಕೂತಿದ್ದೇನೆ. ಕ್ರಮವಾಗಿ ಬರೆಯುತ್ತೇನೆ.

ಇವತ್ತು ರಜೆ ಹಾಕಿದ್ದೆ. ಬೆಳಗ್ಗೆಯಿಂದ ಪುಡು ಸುತ್ತಿದೆ. ಹಣ್ಣಿನವರು ಮೂವರು, ಜ್ಯೂಸಿನವರು ಇಬ್ಬರು. ಯಾರಲ್ಲೂ ಸ್ಟಾರ್‌ಫ್ರೂಟ್ ಇಲ್ಲ. ಒಂದು ಗಂಟೆಗೆ ಬಾಯಾರಿ, ನೀಲಿ ಬಾಗಿಲಿನ ಹೊಸ ಕೆಫೆಗೆ ಹೊಕ್ಕೆ. ಯಜಮಾನಿ ಜಿಯಾ ವೆನ್, ಮೂವತ್ತೂ ಆಗಿರಲಿಕ್ಕಿಲ್ಲ.

"ನಮ್ಮ ಹುಳಿ ಸೋಡಾ ಕುಡೀರಿ ಅಕ್ಕ. ಇಡೀ ಪುಡುವಿನಲ್ಲಿ ಇಲ್ಲಿ ಮಾತ್ರ."

ಕುಡಿದೆ. ಎಂಥ ಹುಳಿ! ಕೆನ್ನೆಯ ಒಳಗೆಲ್ಲ ಜುಮ್ಮೆಂದಿತು. ಇನ್ನೊಂದು ಹೇಳೋಣ ಎಂದುಕೊಂಡೆ. ನಿಜ.

"ಏನು ಹಾಕ್ತೀರಿ ಇದಕ್ಕೆ?"

"ಅದು ಗುಟ್ಟು," ಎಂದು ನಕ್ಕು, ತಡೆಯಲಾರದೆ ತಾನೇ ಹೇಳಿದಳು. "ಹಿತ್ತಲಲ್ಲಿ ಮರ ಇದೆ. ಸ್ಟಾರ್‌ಫ್ರೂಟ್. ಕಾಯಿ ಇರುವಾಗಲೇ ಅರೀತೀವಿ."

ಎದ್ದು ನಿಂತೆ. "ಇಲ್ಲಿಗೆ ಒಬ್ಬರು ಮುದುಕರು ಬರ್ತಾರಾ? ಎಡಗೈಗೆ ಬ್ಯಾಂಡೇಜ್..."

"ಫೂಂಗ್ ಅಂಕಲ್? ಇದು ಅವರದ್ದೇ ಅಂಗಡಿ ಆಗಿತ್ತಲ್ಲ! ದಿನಾ ಬರ್ತಾರೆ. ನಮಗೆ ನೂಡಲ್ಸ್ ಕಲಿಸ್ತಿದ್ದಾರೆ. ಈಗ್ಲೂ ಒಳಗಿದ್ದಾರೆ."

ಅಡುಗೆಮನೆಗೆ ಓಡಿದೆ. ಒಲೆಯ ಮುಂದೆ ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ಕೈಯಲ್ಲಿ ಜಾಲರಿ, ಪಕ್ಕದಲ್ಲಿ ಅರ್ಧ ಖಾಲಿಯಾದ ಸೋಡಾ ಲೋಟ. ಬಿಕ್ಕಳಿಕೆಯ ನಡುವೆಯೇ ನನ್ನ ಕಡೆ ತಿರುಗಿದರು.

"ಒಣದಾ, ಸಾರಿನದಾ? ಇಲ್ಲೇ ತಿಂತೀರಾ, ಕಟ್ಟಿಕೊಡ್ಲಾ?"

"ಅಂಕಲ್, ನಾನು. ಮಿಸ್ಸಿ ಜುಸ್ತಿನಾ."

"ಆಯ್ತು, ಕೂತ್ಕೊಳ್ಳಿ. ಎಷ್ಟು ಪ್ಲೇಟ್?"

ಗುರುತೇ ಇಲ್ಲ. ಜಿಯಾ ವೆನ್ ಕಾರು ತೆಗೆದಳು. ದಾರಿಯುದ್ದಕ್ಕೂ ಆಸ್ಪತ್ರೆಗೆ ಫೋನ್. ತಲುಪುತ್ತಲೇ ಮೆಷಿನ್ನಿಗೆ ಹಾಕಿದರು. ಮೆಷಿನ್ ಶುರುವಾಗಿ ಈಗ ನಾಲ್ಕನೇ ಗಂಟೆ. ಕರೆದರೆ ಕಣ್ಣು ತೆರೆಯುತ್ತಿಲ್ಲ. ಜಿಯಾ ವೆನ್ ನೆಲದ ಮೇಲೆ ಕೂತು, "ನಾನೇ ಕೊಟ್ಟೆ ಅಕ್ಕ, ನನ್ನ ಕೈಯಾರೆ," ಎಂದು ಒಂದೇ ಸಮನೆ...

ಜುಲೈ 12

ಇಲ್ಲ. ಕಣ್ಣು ಮುಚ್ಚಿದ ಹಾಗೇ ಇದ್ದಾರೆ.

ಜುಲೈ 16, ಭಾನುವಾರ

ಮಾತಾಡಿದರು! ಐದು ದಿನ, ದಿನಾ ಮೆಷಿನ್. ನಿನ್ನೆ ಮಗಳನ್ನು ಗುರುತಿಸಿದರಂತೆ, ಇವತ್ತು ನನ್ನನ್ನು. ಗೆದ್ದವಳ ಹಾಗೆ ಬಯ್ಯಲು ಹೋಗಿದ್ದೆ.

"ಹಣ್ಣು ಮುಟ್ಟಲ್ಲ ಅಂದ್ರಲ್ಲ?"

"ನೀನು ಏನು ತಿಂದ್ರಿ ಅಂತ ಕೇಳ್ದೆ. ಏನು ಕುಡಿದ್ರಿ ಅಂತ ಕೇಳಿಲ್ಲ. ನೀರಿನ ಲೆಕ್ಕಕ್ಕೆ ಹಿಡಿದಿದ್ದೆ, ದಿನಕ್ಕೆ ಎರಡು ಲೋಟ. ಒಳಗೆ ಏನಿತ್ತೋ ನನಗೇನು ಗೊತ್ತು?"

ಮೂವತ್ತು ಅಂಗಡಿ ಸುತ್ತಿ ಪಟ್ಟಿ ಮಾಡಿದವಳು ನಾನು, ಪ್ರಶ್ನೆಯೇ ತಪ್ಪು.

ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. "ಎರಡು ವರ್ಷ ಆಯ್ತು ಮಿಸ್ಸಿ. ನಾಲಗೆ ಸತ್ತಿದೆ. ಏನು ಬಾಯಿಗಿಟ್ಟರೂ ಕಬ್ಬಿಣದ ಚಮಚ ಚೀಪಿದ ಹಾಗೆ. ಮಗಳಿಗೂ ಹೇಳಿಲ್ಲ. ಅಡುಗೆಯವನು ಹೇಗೆ ಹೇಳ್ತಾನೆ? ಆ ಹುಡುಗಿ ಲೋಟ ಕೊಟ್ಟಾಗ... ಹುಳಿ ಹತ್ತಿತು. ಅಲ್ಲೇ ಅತ್ತುಬಿಟ್ಟೆ. ಹೊಗೆ ಅಂತ ಹೇಳಿದೆ."

ಹಾಗಾದರೆ ನಾನು ತಿಂದದ್ದನ್ನೆಲ್ಲ ಅಷ್ಟು ಕೆದಕಿ ಕೇಳುತ್ತಿದ್ದದ್ದು! ನಾನೂ ಅತ್ತೆ. ಹೊಗೆ ಅನ್ನಲು ವಾರ್ಡಿನಲ್ಲಿ ಒಲೆಯಿರಲಿಲ್ಲ.

ಜುಲೈ 19, ಬುಧವಾರ

ಜಿಯಾ ವೆನ್ ಸೋಡಾ ನಿಲ್ಲಿಸಿದ್ದಾಳೆ. ಮರ ಕಡಿಸುತ್ತೇನೆ ಎಂದು ಕೂತಿದ್ದಳು. ಮರದ್ದೇನು ತಪ್ಪು, ಬೇಡ ಎಂದೆ. ಬದಲಿಗೆ ಇಬ್ಬರೂ ಒಂದು ಕೆಲಸ ಹಿಡಿದಿದ್ದೇವೆ. ಅಂಕಲ್‌ನ ನಾಲಗೆಗೆ ಹತ್ತುವ, ಅವರನ್ನು ಕೊಲ್ಲದ ಒಂದು ಹುಳಿ ಈ ಪುಡುವಿನಲ್ಲಿ ಇರಲೇಬೇಕು.

ಪಥ್ಯದ ಡಾಕ್ಟರನ್ನು ಕೇಳಿದೆ. ಹುಣಸೆ ಬೇಡ. ಉಪ್ಪು ಹಾಕಿದ ಪ್ಲಮ್ ಬೇಡ. ನಿಂಬೆ, ಒಂದೆರಡು ಹನಿ. ವಿನೆಗರ್ ಆದೀತು.

ಜುಲೈ 24, ಸೋಮವಾರ

ಅಂಕಲ್ ಆಸ್ಪತ್ರೆಯಿಂದ ಬಿಡುಗಡೆಯಾಗಿ ಮತ್ತೆ ನಮ್ಮ ಸೆಂಟರಿಗೆ ಬಂದಿದ್ದಾರೆ. ಸಣ್ಣ ನಿಂಬೆ, ಸಿಪ್ಪೆ ಸಮೇತ ಹಿಂಡಿದ್ದು. "ಚೆನ್ನಾಗಿದೆ ಮಿಸ್ಸಿ."

ಕಪ್ಪು ವಿನೆಗರ್, ಎರಡು ಅಂಗಡಿಯದ್ದು. "ಚೆನ್ನಾಗಿದೆ."

ಈಗ ಅರ್ಥವಾಗಿದೆ. ಚೆನ್ನಾಗಿದೆ ಅಂದರೆ ಏನೂ ಹತ್ತಿಲ್ಲ. ನನ್ನ ಮನಸ್ಸು ನೋಯಿಸಬಾರದೆಂದು ಹೇಳುವುದು.

ಕಾಕ್ ಸುರಯಾ: "ಸಾಕು ಬಿಡೇ, ಮುದುಕನ ನಾಲಗೆ ಹಿಂದೆ ಎಷ್ಟು ಅಂತ ಓಡ್ತೀಯ?" ಬಿಡಬೇಕಾ? ಗೊತ್ತಿಲ್ಲ. ಆದರೆ ಇವತ್ತು ಎರಡು ಹೊಸ ಓಣಿ ಸಿಕ್ಕವು.

ಜುಲೈ 28, ಶುಕ್ರವಾರ

ಸೋಮವಾರವೇ ಸಿಕ್ಕವಳು, ಕಸಾಯಿ ಸಾಲಿನ ಕೊನೆಯಲ್ಲಿ ಒಬ್ಬ ಮುದುಕಿ, ಮಣ್ಣಿನ ಜಾಡಿಯಲ್ಲಿ ಅಕ್ಕಿಯ ವಿನೆಗರ್ ತಾನೇ ಹುಳಿಸುತ್ತಾಳೆ. ಬಾಟಲಿ ತೆರೆದರೆ ಮೂಗು ಸುಟ್ಟಿತು. ಜಿಯಾ ವೆನ್ ಅದರಲ್ಲಿ ಎಳೆ ಶುಂಠಿ ಕೊಯ್ದು ಮೂರು ದಿನ ನೆನೆಸಿದಳು. ಉಪ್ಪಿಲ್ಲ. ಡಾಕ್ಟರು ಹೂಂ ಅಂದರು, ಎರಡು ಚೂರು ಮಾತ್ರ.

ಮಧ್ಯಾಹ್ನ ಮೆಷಿನ್ ಓಡುತ್ತಿರುವಾಗ ಒಂದು ಚೂರು ಅಂಕಲ್ ಬಾಯಿಗಿಟ್ಟೆ. ಜಿಯಾ ವೆನ್ ಕುರ್ಚಿಯ ಹಿಂದೆ ಅಡಗಿಕೊಂಡಿದ್ದಳು. ಅಂಕಲ್ ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು. ಹುಬ್ಬು ಗಂಟಿಕ್ಕಿತು.

"ಯಾರು ಕೊಯ್ದದ್ದು ಈ ಶುಂಠಿ?"

ಜಿಯಾ ವೆನ್ ಇನ್ನಷ್ಟು ಕೆಳಗೆ ಕುಗ್ಗಿದಳು.

"ಸೌದೆ ಸೀಳಿದ ಹಾಗೆ ಸೀಳಿದ್ದಾರೆ! ಹುಳಿ ಒಳಗೇ ಇಳಿದಿಲ್ಲ. ಅಂಚಿನಲ್ಲಿ ಹತ್ತುತ್ತೆ, ನಡುವೆ ಬರೀ ಖಾರ. ನನ್ನ ಅಂಗಡೀಲಿ ಹೀಗೆ ಕೊಯ್ದಿದ್ದರೆ ಆವತ್ತೇ ಮನೆಗೆ ಕಳಿಸ್ತಿದ್ದೆ. ಚಾಕು ತಗೊಂಡು ಬಾ ಮಿಸ್ಸಿ. ಒಂದು ಕೈ ಖಾಲಿ ಇದೆ ನನಗೆ, ತೋರಿಸ್ತೀನಿ."

ಜಿಯಾ ವೆನ್ ಬಾಯಿಗೆ ಕೈ ಮುಚ್ಚಿಕೊಂಡು ಹೊರಗೆ ಓಡಿದಳು. ಅಳುವುದಕ್ಕೋ ಚಾಕು ತರುವುದಕ್ಕೋ ತಿಳಿಯಲಿಲ್ಲ. ಡಯಾಲಿಸಿಸ್ ಸೆಂಟರಿನಲ್ಲಿ ಚಾಕು! ಕಾಕ್ ಸುರಯಾ ನೋಡಿದರೆ ನನ್ನನ್ನು —

ಬಂದಳು, ಕಾಕ್ ಸುರಯಾ.